ಸ್ಕಿಜೋಫ್ರೇನಿಯಾಕ್ಕೆ ಆಂಟಿಆಕ್ಸಿಡೆಂಟ್ ಮಾತ್ರೆ: ಆಸೆ ಚಿಗುರಿದ್ದು ಎಲ್ಲಿ, ನಿಂತಿರುವುದು ಎಲ್ಲಿ?

ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಒಂದು ಹಂತ ಬರುತ್ತದೆ. ಔಷಧಿಯಿಂದ ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ಅಡಗಿರುತ್ತವೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಭಯವೂ ಇಳಿದಿರುತ್ತದೆ. ಆದರೂ ವ್ಯಕ್ತಿ ಮಂಕಾಗಿ ಕುಳಿತೇ ಇರುತ್ತಾರೆ. ಸ್ನಾನಕ್ಕೆ ಏಳುವ ಮನಸ್ಸಿಲ್ಲ, ಮಾತನಾಡಿಸಿದರೆ ಒಂದೇ ಪದದ ಉತ್ತರ. ವೈದ್ಯರು ಇವನ್ನು ನೆಗೆಟಿವ್ ಲಕ್ಷಣಗಳು ಎನ್ನುತ್ತಾರೆ. ಈಗಿರುವ ಔಷಧಿಗಳು ಇವುಗಳ ಮೇಲೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಪೂರಕ ಮಾತ್ರೆಗಳ ಮೇಲೆ, ಅದರಲ್ಲೂ ಜೀವಕೋಶಗಳನ್ನು ಹಾನಿಯಿಂದ ಕಾಯುವ ಆಂಟಿಆಕ್ಸಿಡೆಂಟ್‌ಗಳ ಮೇಲೆ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಆಸೆ ಹೊಸದಲ್ಲ. 1950ರ ದಶಕದಲ್ಲಿ ಕೆನಡಾದಲ್ಲಿ ಮನೋವೈದ್ಯರಾದ ಅಬ್ರಾಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ ನಿಯಾಸಿನ್ (ವಿಟಮಿನ್ ಬಿ3) ಹಾಗೂ ವಿಟಮಿನ್ ಸಿಯನ್ನು ಭಾರೀ ಪ್ರಮಾಣದಲ್ಲಿ ಕೊಟ್ಟು ನೋಡಿದರು. 1968ರಲ್ಲಿ ನೊಬೆಲ್ ಪುರಸ್ಕೃತ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಆ ವಿಚಾರದ ಬೆನ್ನಿಗೆ ನಿಂತರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಮಿತಿ ಅದನ್ನು ತಳ್ಳಿಹಾಕಿತು. ಔಷಧಿಯ ಅಡ್ಡಪರಿಣಾಮವಾಗಿ ಬಾಯಿ, ನಾಲಿಗೆಗಳು ತಮ್ಮಷ್ಟಕ್ಕೇ ಆಡುವ ತೊಂದರೆಗೆ ವಿಟಮಿನ್ ಇ ಪರಿಹಾರ ಎಂಬ ನಂಬಿಕೆಯೂ ಕೆಲಕಾಲ ಇತ್ತು. 158 ಜನರ ಮೇಲೆ ನಡೆದ ದೀರ್ಘ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂದಾಗ ಆ ನಂಬಿಕೆಯೂ ಕುಸಿಯಿತು.

ನಿಜವಾದ ತಿರುವು ಬಂದದ್ದು 2000ರಲ್ಲಿ. ನಮ್ಮ ಜೀವಕೋಶಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ತಯಾರಿಸುವ ಮುಖ್ಯ ಆಂಟಿಆಕ್ಸಿಡೆಂಟ್ ಗ್ಲುಟಾಥಯೋನ್. ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ಇದು ಶೇ 27ರಷ್ಟು, ಮಿದುಳಿನ ಮುಂಭಾಗದಲ್ಲಿ ಶೇ 52ರಷ್ಟು ಕಡಿಮೆ ಇರುವುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಕಂಡರು. ಪರೀಕ್ಷೆಗೆ ಒಳಗಾದವರು ಕೆಲವೇ ಜನ, ಆದರೂ ಮೊದಲ ಬಾರಿಗೆ ಊಹೆಗೆ ಒಂದು ಅಳತೆ ಸಿಕ್ಕಿತ್ತು.

ಗ್ಲುಟಾಥಯೋನನ್ನೇ ನುಂಗಿದರೆ ಮಿದುಳಿಗೆ ಸರಿಯಾಗಿ ತಲುಪದು. ಆದ್ದರಿಂದ ಅದಕ್ಕೆ ಬೇಕಾದ ಕಚ್ಚಾ ಪದಾರ್ಥ ಒದಗಿಸುವ ಎನ್-ಅಸಿಟೈಲ್‌ಸಿಸ್ಟೀನ್, ಅಂದರೆ ಎನ್ಎಸಿ, ಮುಂದೆ ಬಂತು. ಇದು ಹಳೆಯ ಔಷಧಿಯೇ: ಕಫ ಕರಗಿಸಲು, ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರ ಯಕೃತ್ತು ಉಳಿಸಲು ಬಳಸುತ್ತಾರೆ. ಪೊಟ್ಟಣ ಬಿಚ್ಚಿದೊಡನೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಗಂಧಕದ ವಾಸನೆ. ನಿಜ ಮಾತ್ರೆ ಯಾವುದು, ಔಷಧಿಯಿಲ್ಲದ ಹುಸಿ ಮಾತ್ರೆ ಯಾವುದು ಎಂದು ಗೊತ್ತಾಗದಂತೆ ಪರೀಕ್ಷೆ ನಡೆಸುವವರಿಗೆ ಈ ವಾಸನೆಯೇ ಒಂದು ಸವಾಲು.

2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ನೇತೃತ್ವದ ಅಧ್ಯಯನ ಪ್ರಕಟವಾಯಿತು. 140 ಜನ, 24 ವಾರ, ಮಾಮೂಲಿ ಔಷಧಿಯ ಜೊತೆಗೆ ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಎನ್ಎಸಿ, ಇನ್ನೊಂದಕ್ಕೆ ಹುಸಿ ಮಾತ್ರೆ. ನೆಗೆಟಿವ್ ಲಕ್ಷಣಗಳು ಸ್ವಲ್ಪಮಟ್ಟಿಗೆ ಸುಧಾರಿಸಿದವು. ಮಾತ್ರೆ ನಿಲ್ಲಿಸಿ ನಾಲ್ಕು ವಾರವಾಗುವಷ್ಟರಲ್ಲಿ ಆ ಲಾಭ ಉಳಿದಿರಲಿಲ್ಲ. ಸುದ್ದಿ ಹರಡಿದಾಗ ಮೊದಲ ಮಾತು ದೂರ ಹೋಯಿತು, ಎರಡನೆಯದು ಹಿಂದೆಯೇ ಉಳಿಯಿತು. ‘ಜೊತೆಗೆ’ ಎಂಬ ಪದವಂತೂ ದಾರಿಯಲ್ಲೇ ಬಿದ್ದುಹೋಯಿತು. ನನಗೆ ಅತಿ ಕಳವಳ ಹುಟ್ಟಿಸುವುದು ಇದೇ. ಪೂರಕ ಸಿಕ್ಕಿತೆಂದು ಮೂಲ ಔಷಧಿ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ಮುಂದಿನ ಫಲಿತಾಂಶಗಳು ಒಂದು ದಿಕ್ಕಿಗೆ ಹೋಗಲಿಲ್ಲ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 22 ಪರೀಕ್ಷೆಗಳನ್ನು ಒಟ್ಟುಗೂಡಿಸಿತು. ಗಿಂಕ್ಗೊ ಮರದ ಎಲೆಯ ಸಾರ ಸೇರಿದಂತೆ ಹಲವು ಪೂರಕಗಳಿದ್ದರೂ ಪುರಾವೆಯ ಗುಣಮಟ್ಟ ತೆಳುವಾಗಿತ್ತು. 2022ರಲ್ಲಿ, ಬೇರೆ ಔಷಧಿಗಳು ಫಲಿಸದಾಗ ಕೊಡುವ ಕ್ಲೋಜಪಿನ್ ಕೂಡ ಸಾಲದವರಿಗೆ ಒಂದು ವರ್ಷ ಎನ್ಎಸಿ ಕೊಟ್ಟರೂ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ‘ವಿಟಮಿನ್ ತಾನೇ, ಏನಾಗುತ್ತದೆ’ ಎನ್ನುವಂತೆಯೂ ಇಲ್ಲ: 2013ರ ನಾರ್ವೆಯ ಅಧ್ಯಯನದಲ್ಲಿ, ರಕ್ತದಲ್ಲಿ ಕೆಲವು ಕೊಬ್ಬಿನಾಮ್ಲಗಳು ಕಡಿಮೆಯಿದ್ದವರಿಗೆ ವಿಟಮಿನ್ ಇ ಮತ್ತು ಸಿ ಕೊಟ್ಟಾಗ ಯಾರೋ ಕೇಡು ಬಗೆಯುತ್ತಿದ್ದಾರೆ ಎಂಬಂಥ ಸಂಶಯದ ಲಕ್ಷಣಗಳು ಉಲ್ಬಣಿಸಿದವು.

ಹಾಗಿದ್ದೂ ಈ ಹಾದಿಯನ್ನು ಮುಚ್ಚಬಾರದು ಎಂಬುದಕ್ಕೆ 2018ರ ಇನ್ನೊಂದು ಅಧ್ಯಯನವಿದೆ. ಕಾಯಿಲೆಯ ಆರಂಭದಲ್ಲಿದ್ದ 63 ಜನರಲ್ಲಿ ಕೆಲವರಿಗೆ ಆರು ತಿಂಗಳು ಎನ್ಎಸಿ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ಎನ್ಎಸಿ ಪಡೆದವರಲ್ಲಿ ನೆಗೆಟಿವ್ ಲಕ್ಷಣಗಳು ಕದಲಲಿಲ್ಲ, ಆದರೆ ಮಿದುಳಿನ ಗ್ಲುಟಾಥಯೋನ್ ಏರಿತು, ಯೋಚನೆಯ ವೇಗವೂ ಸುಧಾರಿಸಿತು. ರಕ್ತದಲ್ಲಿ ಆಕ್ಸಿಡೀಕರಣದ ಒತ್ತಡದ, ಅಂದರೆ ಆಂಟಿಆಕ್ಸಿಡೆಂಟ್‌ಗಳು ತಡೆಯಬೇಕಾದ ಹಾನಿಯ, ಗುರುತು ಹೆಚ್ಚಿದ್ದವರಲ್ಲಿ ಭ್ರಮೆಯಂಥ ಲಕ್ಷಣಗಳು ಇಳಿದವು. ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ಸರಾಸರಿ ತೆಗೆಯುವ ಬದಲು, ಮೊದಲು ರಕ್ತ ಪರೀಕ್ಷಿಸಿ ಯಾರಿಗೆ ಕೊಡಬೇಕೆಂದು ಆರಿಸುವ ಆಲೋಚನೆಗೆ ಇಲ್ಲಿಂದ ಬಲ ಬಂದಿದೆ.