‘ಇಲ್ಲ’ ಬೇರೆ, ‘ಇನ್ನೂ ಇಲ್ಲ’ ಬೇರೆ: ರೋಸೆನ್‌ಜ್ವೈಗ್ ನೋಟ್ಸ್

ಆಧುನಿಕ ಯಹೂದಿ ಚಿಂತನೆ ಎಲ್ಲಿಂದ ಓದೋದು ಅಂತ ಕೇಳೋರಿಗೆ ನಾನು ಹೇಳೋದು ಫ್ರಾಂಜ್ ರೋಸೆನ್‌ಜ್ವೈಗ್ ಹೆಸರು. ಹುಟ್ಟಿದ್ದು 1886ರಲ್ಲಿ, ಜರ್ಮನಿಯ ಕಾಸೆಲ್‌ನಲ್ಲಿ, ಮನೇಲಿ ಆಚರಣೆ ಅಂತ ಹೆಚ್ಚೇನೂ ಇರ್ಲಿಲ್ಲ, ಹತ್ತಿರದ ನೆಂಟರೇ ಕೆಲವರು ಕ್ರೈಸ್ತರಾಗಿದ್ರು, 1913ರಲ್ಲಿ ಇವರೂ ಆಗೋಣ ಅಂತ ಹೊರಟಿದ್ರು. ಆಮೇಲೆ ಯೋಮ್ ಕಿಪ್ಪುರ್ ದಿನ, ಅಂದ್ರೆ ಉಪವಾಸ ಇದ್ದು ತಪ್ಪು ಒಪ್ಪಿಕೊಳ್ಳೋ ದಿನ, ಬರ್ಲಿನ್‌ನ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಕೂತಾಗ ಮನಸ್ಸು ಬದಲಾಯ್ತು ಅಂತಾರೆ. ಆ ಕಥೆ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಆದ್ರೆ ಆ ಅಕ್ಟೋಬರ್ ಕೊನೇಲಿ ಬರೆದ ಪತ್ರದಲ್ಲಿ ‘ಯಹೂದಿಯಾಗೇ ಉಳೀತೀನಿ’ ಅನ್ನೋ ಅರ್ಥದ ಮಾತು ಸ್ಪಷ್ಟವಾಗಿದೆ.

1920ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ‘ಲೇರ್‌ಹೌಸ್’ ಅನ್ನೋ ಕಲಿಕೆಯ ಮನೆ ನಡೆಸೋಕೆ ಶುರು ಮಾಡಿದ್ರು. ನನಗೆ ತುಂಬಾ ಇಷ್ಟವಾದ ಭಾಗ ಇದೇ. ಹಳೇ ಕಾಲದಲ್ಲಿ ತೋರಾದಿಂದ (ಯಹೂದಿಗಳ ಪವಿತ್ರ ಗ್ರಂಥ, ಅದರ ಬೋಧನೆ) ಬದುಕಿನ ಕಡೆ ಬರ್ತಿದ್ರು, ಈಗ ನಮ್ಮ ಬದುಕಿಂದ, ಏನೂ ಗೊತ್ತಿಲ್ಲದ ಜಾಗದಿಂದ, ತೋರಾ ಕಡೆ ವಾಪಸ್ ನಡೀಬೇಕು ಅಂತ ಅವರ ವಾದ. ಅದಕ್ಕೇ ಅಲ್ಲಿ ರಬ್ಬಿಗಳು (ಯಹೂದಿ ಧರ್ಮಗುರುಗಳು) ಅಷ್ಟೇ ಅಲ್ಲ, ಡಾಕ್ಟರ್, ಕೆಮಿಸ್ಟ್ ಕೂಡ ಪಾಠ ಮಾಡ್ತಿದ್ರು, ದೂರ ಹೋಗಿದ್ದವರೇ ದೂರ ಇರೋರಿಗೆ ಕಲಿಸೋದು.

ಪರೀಕ್ಷೆಗೆ ಬರೋ ಪಾಯಿಂಟ್: ಅದೇ ಕಾಲದ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಜೊತೆ ಧಾರ್ಮಿಕ ನಿಯಮಗಳ ಬಗ್ಗೆ ಭಿನ್ನಾಭಿಪ್ರಾಯ. ದೇವರ ಜೊತೆಗಿನ ಭೇಟಿಯನ್ನ ನಿಯಮವಾಗಿ ಕಟ್ಟಿಹಾಕೋಕೆ ಆಗಲ್ಲ ಅಂತ ಬೂಬರ್. ರೋಸೆನ್‌ಜ್ವೈಗ್ ಪ್ರಕಾರ ಪುಸ್ತಕದಲ್ಲಿರೋ ‘ಕಾನೂನು’ ನನ್ನನ್ನೇ ಕರೆದು ಹೇಳಿದ ‘ಆಜ್ಞೆ’ ಆಗಿ ಕೇಳಿಸ್ಬೇಕು, ಆದ್ರೆ ಮಾಡ್ದೇ ದೂರ ನಿಂತ್ರೆ ಅದು ಕೇಳಿಸೋದೇ ಇಲ್ಲ, ಹಾಗಂತ ಎಲ್ಲಾನೂ ಇವತ್ತೇ ಹೊತ್ಕೊಳ್ಳಿ ಅಂತಾನೂ ಅವರು ಹೇಳಲ್ಲ, ನಿಮ್ಮ ಕೈಲಿ ಆಗೋದ್ರಿಂದ ಶುರು ಮಾಡಿ ಅಂತಾರೆ.

ಟೆಫಿಲಿನ್ (ಪ್ರಾರ್ಥನೆ ಹೊತ್ತಲ್ಲಿ ತೋಳಿಗೆ, ಹಣೆಗೆ ಕಟ್ಟೋ ಚರ್ಮದ ಪೆಟ್ಟಿಗೆ) ಕಟ್ಟಿಕೊಳ್ತೀರಾ ಅಂತ ಕೇಳಿದಾಗ ‘ಇನ್ನೂ ಇಲ್ಲ’ ಅಂದ್ರಂತೆ. ಬರೀ ‘ಇಲ್ಲ’ ಅಂದಿದ್ರೆ ಬಾಗಿಲು ಮುಚ್ತಿತ್ತು. ನಂಬಿಕೆ ಪೂರ್ತಿ ಇಲ್ಲ, ಬಿಡೋಕೂ ಮನಸ್ಸಿಲ್ಲ ಅನ್ನೋ ಸ್ಥಿತಿಗೂ ಧರ್ಮಶಾಸ್ತ್ರದೊಳಗೆ ಜಾಗ ಇದೆ ಅಂತ ನನಗೆ ಅರ್ಥವಾಗಿದ್ದು ಇಲ್ಲೇ.

1922ರಲ್ಲಿ ಎಎಲ್‌ಎಸ್ (ನರಗಳು ಹಾಳಾಗಿ ಸ್ನಾಯುಗಳು ಒಂದೊಂದಾಗಿ ನಿಂತುಹೋಗೋ) ಕಾಯಿಲೆ ಗೊತ್ತಾಯ್ತು, ಕೈ ಹೋಯ್ತು, ಮಾತೂ ಹೋಯ್ತು, ಹೆಂಡತಿ ಎಡಿತ್ ಒಂದೊಂದೇ ಅಕ್ಷರ ಹಿಡಿದು ಬರೀತಿದ್ರು. ಹಾಗಿದ್ದೇ 1925ರಲ್ಲಿ ಬೂಬರ್ ಜೊತೆ ಹೀಬ್ರೂ ಬೈಬಲ್‌ನ ಜರ್ಮನ್‌ಗೆ ತರೋಕೆ ಶುರು ಮಾಡಿದ್ರು. 1929ರಲ್ಲಿ 42ನೇ ವಯಸ್ಸಿಗೆ ತೀರ್ಕೊಂಡ್ರು, ಸಿನಗಾಗ್‌ಗೆ ಹೋಗೋಕಾಗದ ಆ ವರ್ಷಗಳಲ್ಲಿ ಸ್ನೇಹಿತರೇ ಅವರ ಮನೆಗೆ ಬಂದು ಸಬ್ಬತ್ (ವಾರದ ವಿಶ್ರಾಂತಿ ದಿನ) ಪ್ರಾರ್ಥನೆ ಮಾಡ್ತಿದ್ರು.