ಕೆಂಪುಕಲ್ಲಿನ ಗೋಡೆಗೆ ಪ್ಲೇಟ್ ಎಕ್ಸ್‌ಚೇಂಜರ್ ಕೂರಿಸುವವರಿಗೆ

ಆಟಿಯ ಮಳೆ ಎರಡು ದಿನ ಬಿಡದೆ ಸುರಿದ ಮೇಲೆ ಒಂದು ಬೆಳಿಗ್ಗೆ, ಪೆರ್ಲದ ಕಡೆಯ ಚಿಕ್ಕದೊಂದು ಐಸ್‌ಕ್ರೀಮ್ ಘಟಕದಿಂದ ನನಗೆ ಫೋನು ಬಂತು. ಗೋಡೆಗೆ ಕೂರಿಸಿದ್ದ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಲೋಹದ ತೆಳು ಫಲಕಗಳ ನಡುವೆ ದ್ರವಗಳನ್ನು ಹರಿಸಿ ಒಂದರ ಬಿಸಿಯನ್ನು ಇನ್ನೊಂದಕ್ಕೆ ದಾಟಿಸುವ ಯಂತ್ರ) ಮುಂದಕ್ಕೆ ವಾಲಿದೆ, ತಣಿಸುವ ಗ್ಯಾಸಿನ ತಾಮ್ರದ ಪೈಪು ಬಾಗಿದೆ, ಕಂಪ್ರೆಸರ್ ನಿಲ್ಲಿಸಬೇಕೇ ಎಂದು ಕೇಳಿದರು. ಕೂಡಲೇ ನಿಲ್ಲಿಸಿ, ಯಾರನ್ನೂ ಅದರ ಕೆಳಗೆ ಹೋಗಲು ಬಿಡಬೇಡಿ ಎಂದು ಹೇಳಿ ಹೊರಟೆ. ಹೋಗಿ ನೋಡಿದಾಗ ಬ್ರಾಕೆಟಿನ ಮೇಲಿನ ಎರಡು ಬೋಲ್ಟುಗಳು ಗೋಡೆಯಿಂದ ಒಂದು ಬೆರಳಿನಷ್ಟು ಹೊರಗೆ ಬಂದಿದ್ದವು. ಯಂತ್ರಕ್ಕೆ ಮರದ ಆಧಾರ ಕೊಟ್ಟು, ಒಂದು ಬೋಲ್ಟನ್ನು ಹಿಡಿದು ಎಳೆದೆ. ಸ್ಪಾನರು ಬೇಕಾಗಲಿಲ್ಲ, ಎರಡು ಬೆರಳುಗಳಿಗೇ ಅದು ಪೂರ್ತಿ ಹೊರಗೆ ಬಂತು. ಬೋಲ್ಟಿಗೆ ಒಂದು ಗೀರೂ ಇರಲಿಲ್ಲ. ಅದರ ತುದಿಯ ಹಿಗ್ಗುವ ತಗಡಿನ ಸುತ್ತ ಒದ್ದೆಯಾದ ಕೆಂಪು ಹುಡಿ ಅಂಟಿಕೊಂಡಿತ್ತು, ಹನ್ನೆರಡು ಮಿಲಿಮೀಟರ್ ಕೊರೆದಿದ್ದ ತೂತಿನೊಳಗೆ ನನ್ನ ಹೆಬ್ಬೆರಳು ಹೋಗುತ್ತಿತ್ತು.

ಘಟಕದ ಯಜಮಾನರು ಬಹಳ ನೊಂದುಕೊಂಡಿದ್ದರು. "ಅಣ್ಣಾ, ಮಂಗಳೂರಿಗೆ ಹೋಗಿ ಎಲ್ಲಕ್ಕಿಂತ ಒಳ್ಳೆಯ ಬೋಲ್ಟೇ ತಂದದ್ದು. ತುಕ್ಕು ಹಿಡಿಯದ 316 ಸ್ಟೀಲಿನದ್ದು. ಬಿಲ್ಲು ತೋರಿಸುತ್ತೇನೆ" ಎಂದರು. ಬಿಲ್ಲು ನೋಡುವ ಅಗತ್ಯವಿರಲಿಲ್ಲ, ಬೋಲ್ಟು ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಕಾಸರಗೋಡು ಜಿಲ್ಲೆಯ ಡೈರಿ, ಐಸ್ ಪ್ಲಾಂಟು, ಲಾಡ್ಜು, ಎಣ್ಣೆ ಘಟಕಗಳಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿಕೊಂಡು ಬಂದ ನಾನು ಎಲ್ಲರಿಗೂ ಹೇಳುತ್ತಲೇ ಇರುವ, ಆದರೂ ಯಾರಿಗೂ ಪೂರ್ತಿ ಮುಟ್ಟಿಸಲಾಗದ ಮಾತು ಇದೊಂದೇ: ಬೋಲ್ಟಿನ ಬಲ ಬೋಲ್ಟಿನಲ್ಲಿಲ್ಲ, ಅದು ಕಚ್ಚಿಕೊಂಡಿರುವ ವಸ್ತುವಿನಲ್ಲಿದೆ.

ಲೆಕ್ಕ ನೋಡೋಣ. 316 ಸ್ಟೀಲಿನ, 70 ದರ್ಜೆಯ ಎಂ-12 (12 ಮಿಲಿಮೀಟರ್ ದಪ್ಪದ) ಬೋಲ್ಟನ್ನು ಎಳೆದು ತುಂಡು ಮಾಡಬೇಕಾದರೆ ಸುಮಾರು 6 ಟನ್ ಬಲ ಬೇಕು. ಆ ಘಟಕದ ಎಕ್ಸ್‌ಚೇಂಜರ್ ನೀರು ತುಂಬಿದಾಗ ಸುಮಾರು 40 ಕಿಲೋ ತೂಗುತ್ತಿತ್ತು. ಅದರ ಭಾರದ ನಡು ಗೋಡೆಯಿಂದ 25 ಸೆಂಟಿಮೀಟರ್ ಮುಂದಕ್ಕಿತ್ತು, ಬ್ರಾಕೆಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಅಂತರವಿತ್ತು. ಹಾಗಾದರೆ ಮೇಲಿನ ಎರಡು ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಒಟ್ಟು 50 ಕಿಲೋ, ಒಂದೊಂದಕ್ಕೆ 25. ಆರು ಟನ್ ತಡೆಯುವ ಬೋಲ್ಟು 25 ಕಿಲೋಗೆ ಸೋತಿತೇ? ಯಜಮಾನರ ಮಾತಿನ ಒಳಗಿದ್ದ ಪ್ರಶ್ನೆ ಇದೇ. ಬೋಲ್ಟು ಸೋಲಲಿಲ್ಲ. ದಿನಕ್ಕೆ ಹತ್ತಾರು ಸಲ ಕಂಪ್ರೆಸರ್ ಶುರುವಾದಾಗಲೆಲ್ಲ ಪೈಪಿನ ಮೂಲಕ ಬಂದ ನಡುಕವನ್ನು ತಡೆಯಲಾಗದೆ, ಬೋಲ್ಟಿನ ಸುತ್ತಲಿದ್ದ ಕಲ್ಲು ಹುಡಿಯಾಯಿತು.

ನಮ್ಮ ಕಡೆ ಅಂಗಡಿಗಳಲ್ಲಿ ಫಾಸ್ಟ್‌ನರ್ ಎಂದು ಕೊಡುವ ಬೋಲ್ಟು ಕೆಲಸ ಮಾಡುವ ರೀತಿಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ನಟ್ಟನ್ನು ಬಿಗಿದಂತೆ ಬೋಲ್ಟಿನ ತುದಿಯ ಕೋನಾಕಾರದ ಭಾಗ ಹಿಂದಕ್ಕೆ ಬರುತ್ತದೆ, ಅದರ ಸುತ್ತಲಿನ ತಗಡು ಹಿಗ್ಗಿ ತೂತಿನ ಬದಿಗಳನ್ನು ಒತ್ತುತ್ತದೆ, ಆ ಒತ್ತುವಿಕೆಯಿಂದ ಹುಟ್ಟುವ ಘರ್ಷಣೆಯೇ ಬೋಲ್ಟನ್ನು ಹಿಡಿದಿಡುತ್ತದೆ. ಅಂದರೆ ಬೋಲ್ಟು ಎಷ್ಟು ಬಲವಾಗಿ ಒತ್ತುತ್ತದೆಯೋ ಅಷ್ಟೇ ಬಲವಾಗಿ ತೂತಿನ ಗೋಡೆ ಅದನ್ನು ತಿರುಗಿ ಒತ್ತಬೇಕು. ಕಾಂಕ್ರೀಟು ಹಾಗೆ ಒತ್ತುತ್ತದೆ. ಸಾಧಾರಣ ಮನೆಕೆಲಸದ ಎಂ-20 ಕಾಂಕ್ರೀಟಿನ ತಾಳಿಕೆ ಚದರ ಮಿಲಿಮೀಟರಿಗೆ 20 ನ್ಯೂಟನ್. ಗೋಡೆ ಕಟ್ಟುವ ಕೆಂಪುಕಲ್ಲಿಗೆ ಭಾರತೀಯ ಮಾನಕ ಐ.ಎಸ್. 3620 ಕೇಳುವುದು ಕನಿಷ್ಠ 3.5 ನ್ಯೂಟನ್. ಹೆಚ್ಚುಕಡಿಮೆ ಆರನೆಯ ಒಂದು ಪಾಲು. ಅದೂ ಕಲ್ಲನ್ನು ಇಡಿಯಾಗಿ ಅದುಮಿದಾಗಿನ ಅಂಕಿ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಗಟ್ಟಿ ಎಲುಬಿನ ನಡುವೆ ಮೆತ್ತನೆಯ ಜೇಡಿ ತುಂಬಿದ ಗೂಡುಗಳಿರುವುದು ಈ ಕಲ್ಲಿನ ಸ್ವಭಾವ. ನಿಮ್ಮ ಬೋಲ್ಟಿನ ತಗಡು ಎಲುಬಿನ ಮೇಲೆ ಕೂತಿದೆಯೋ ಜೇಡಿಯ ಮೇಲೆ ಕೂತಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ನೀರು ಕುಡಿದರೆ ಕಲ್ಲು ಇನ್ನಷ್ಟು ಮೆದುವಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ, ಹೊರಗಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿರುತ್ತದೆ ಎಂದು ನಾನಂತೂ ನಂಬುವುದಿಲ್ಲ.

ಹೀಗೆ ಹೇಳಿದಾಗ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ. "ಬೇಕಲ ಕೋಟೆಯೇ ಕೆಂಪುಕಲ್ಲಿನದ್ದಲ್ಲವೇ? ಸಮುದ್ರದ ಬದಿಯಲ್ಲಿ ಇಷ್ಟು ವರ್ಷ ನಿಂತಿಲ್ಲವೇ?" ನಿಂತಿದೆ, ನಿಜ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಆ ಕೋಟೆಯ ಮುಂದೆ ನಿಂತಾಗಲೆಲ್ಲ ಆ ಕಲ್ಲಿನ ಮೇಲೆ ನನಗೂ ಅಭಿಮಾನ ಉಕ್ಕುತ್ತದೆ. ಆದರೆ ಆ ಕೋಟೆಯಲ್ಲಿ ಪ್ರತಿ ಕಲ್ಲೂ ತನ್ನ ಮೇಲಿನ ಕಲ್ಲನ್ನು ಹೊತ್ತಿದೆ, ಅಷ್ಟೆ. ಮೇಲಿನಿಂದ ಬರುವ ಭಾರವನ್ನು ಹೊರುವುದರಲ್ಲಿ ಕೆಂಪುಕಲ್ಲು ಬಹಳ ನಂಬಿಕಸ್ಥ. ಒಳಗೆ ತೂತು ಕೊರೆದು, ಅಲ್ಲಿಂದ ಬದಿಗೆ ಒತ್ತಿ, ಹೊರಕ್ಕೆ ಎಳೆಯುವ ಕೆಲಸವನ್ನು ಆ ಕೋಟೆ ಕಟ್ಟಿದವರು ಅದರ ಮೇಲೆ ಹೊರಿಸಲಿಲ್ಲ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದ ಬಳಿ ಕಂಡ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ ಎಂಬುದನ್ನೂ ಬರೆದಿಟ್ಟ. ಗಾಳಿಗೆ ತೆರೆದ ಮೈ ಮಾತ್ರ ಗಟ್ಟಿ ಎಂಬುದನ್ನು ಡ್ರಿಲ್ ಹಿಡಿಯುವವರು ನೆನಪಿಟ್ಟುಕೊಳ್ಳಬೇಕು. ಮೊದಲ ಒಂದು ಇಂಚು ಡ್ರಿಲ್ಲಿನ ಮೊನೆ ಬಿಗಿಯಾಗಿ ಹೋಗಿ, ಆಮೇಲೆ ಏಕಾಏಕಿ ಒಳಗೆ ಜಾರುತ್ತದಲ್ಲ, ಆ ಜಾರುವಿಕೆಯನ್ನು ಕೈ ಗುರುತಿಸಬೇಕು.

ಇನ್ನೂ ಒಂದು ಮೋಸ ಗೋಡೆಯ ಮೇಲ್ಮೈಯಲ್ಲಿದೆ. ಸಿಮೆಂಟಿನ ಗಿಲಾವು ಸುಮಾರು 12ರಿಂದ 15 ಮಿಲಿಮೀಟರ್. ಶುಚಿತ್ವದ ನಿಯಮಕ್ಕಾಗಿ ಟೈಲು ಹಾಕಿದ್ದರೆ ಟೈಲು ಮತ್ತು ಅದರ ಹಿಂದಿನ ಗಾರೆ ಸೇರಿ ಇನ್ನೊಂದು 20. 70 ಮಿಲಿಮೀಟರ್ ಒಳಗೆ ಹೋದ ಬೋಲ್ಟಿನಲ್ಲಿ ಅರ್ಧದಷ್ಟು ಮಾತ್ರ ಕಲ್ಲಿನೊಳಗಿರುತ್ತದೆ. ಬಿಗಿಯುವಾಗ ಟೈಲು ಗಟ್ಟಿಯಾಗಿ ತಡೆಯುವುದರಿಂದ ಫಿಟ್ಟರಿಗೆ ಬೋಲ್ಟು ಹಿಡಿದಿದೆ ಎಂಬ ಭಾವನೆ ಬರುತ್ತದೆ. ನಟ್ಟು ಬಿಗಿಯಾಗದೆ ತಿರುಗುತ್ತಲೇ ಹೋದರೆ ತೂತು ಅಗಲವಾಗುತ್ತಿದೆ ಎಂದೇ ಅರ್ಥ. ಆಗ ಮರದ ಗೂಟ ಬಡಿಯುವುದು, ಸಿಮೆಂಟಿನ ನೀರು ಹೊಯ್ಯುವುದು, ಅದೇ ತೂತಿಗೆ ದೊಡ್ಡ ಬೋಲ್ಟು ಹಾಕುವುದು ಇವೆಲ್ಲ ತೊಂದರೆಯನ್ನು ಮುಂದಿನ ಮಳೆಗಾಲಕ್ಕೆ ದೂಡುವ ಕೆಲಸಗಳು. ದಯವಿಟ್ಟು ಮಾಡಬೇಡಿ.

ಹಾಗಾದರೆ ಏನು ಮಾಡಬೇಕು? ಸಾಧ್ಯವಾದಲ್ಲೆಲ್ಲ ನಾನು ಗೋಡೆಯ ಸಹವಾಸವನ್ನೇ ಬಿಡುತ್ತೇನೆ. 75 ಮಿಲಿಮೀಟರ್ ಕಬ್ಬಿಣದ ಚಾನೆಲಿನಿಂದ ಎರಡು ಕಾಲುಗಳ ಒಂದು ಸ್ಟ್ಯಾಂಡು ಮಾಡಿಸಿ, ಬುಡದ ಪ್ಲೇಟನ್ನು ನೆಲದ ಕಾಂಕ್ರೀಟಿಗೆ ಬಿಗಿದರೆ ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಗೋಡೆಗೆ ಬೇಕಿದ್ದರೆ ವಾಲದಂತೆ ಒಂದು ಹಿಡಿಕೆ ಕೊಟ್ಟರೆ ಸಾಕು. ಜಾಗವಿಲ್ಲದೆ ಗೋಡೆಯಲ್ಲೇ ಇಡಬೇಕಾದರೆ ಗೋಡೆಯ ಆಚೆಗೂ ತೂರುವಂತೆ ಕೊರೆದು, ತಿರುಪು ಇರುವ ಉದ್ದದ ಸರಳು ಹಾಕಿ, ಹಿಂಬದಿಯಲ್ಲಿ 150 ಮಿಲಿಮೀಟರ್ ಚೌಕದ, 8 ಮಿಲಿಮೀಟರ್ ದಪ್ಪದ ಪ್ಲೇಟು ಇಟ್ಟು ನಟ್ಟು ಬಿಗಿಯಿರಿ. ಆಗ ಕಲ್ಲು ಎಳೆತವನ್ನು ತಡೆಯಬೇಕಾಗಿಲ್ಲ, ಎರಡು ಪ್ಲೇಟುಗಳ ನಡುವೆ ಅದುಮಿಸಿಕೊಂಡರೆ ಸಾಕು. ಅದು ಅದಕ್ಕೆ ಒಗ್ಗಿದ ಕೆಲಸ. ಹೊರಬದಿಯ ತೂತಿಗೆ ಮಳೆನೀರು ಇಳಿಯದಂತೆ ಸೀಲಂಟು ತುಂಬುವುದನ್ನು ಮರೆಯಬೇಡಿ.

ತೂತಿಗೆ ಅಂಟು ತುಂಬಿ ಬೋಲ್ಟು ಕೂರಿಸುವ ಕೆಮಿಕಲ್ ಆಂಕರ್ ಆಗುವುದಿಲ್ಲವೇ ಎಂದು ಓದಿ ತಿಳಿದವರು ಕೇಳುತ್ತಾರೆ. ಆಗಬಹುದು, ಆದರೆ ನಾನು ಎಚ್ಚರಿಕೆಯಿಂದ ಹೇಳುತ್ತೇನೆ. ಅಂಟು ಬದಿಗೆ ಒತ್ತುವುದಿಲ್ಲವಾದ್ದರಿಂದ ಮೆದು ಕಲ್ಲಿಗೆ ಅದು ಫಾಸ್ಟ್‌ನರಿಗಿಂತ ಮೇಲು. ಆದರೆ ಡ್ರಿಲ್ಲಿನ ಹ್ಯಾಮರ್ ಬಡಿತ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು, ಗೂಡುಗಳಿರುವ ಕಲ್ಲಾದರೆ ಜಾಲರಿಯ ಕೊಳವೆ ಹಾಕಬೇಕು, ತೂತನ್ನು ಊದಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಿ ಹುಡಿ ತೆಗೆಯಬೇಕು. ಒದ್ದೆಯಾದ ಕೆಂಪುಕಲ್ಲಿನ ಹುಡಿ ಊದಿದರೆ ಹೋಗುವುದಿಲ್ಲ, ಮೆತ್ತಿಕೊಳ್ಳುತ್ತದೆ. ಅಂಟು ಆ ಮೆತ್ತಿಗೆಗೆ ಹಿಡಿಯುತ್ತದೆಯೇ ಹೊರತು ಕಲ್ಲಿಗಲ್ಲ. ಆದ್ದರಿಂದ ಮಳೆಗಾಲದಲ್ಲಿ ಹೊರಗೋಡೆಗೆ ನಾನು ಇದನ್ನು ಮಾಡಿಕೊಡುವುದಿಲ್ಲ. ಬೇಸಿಗೆಯಲ್ಲಿ ಮಾಡಿದರೂ ಒಂದೆರಡು ಬೋಲ್ಟುಗಳನ್ನು ಎಳೆದು ಪರೀಕ್ಷಿಸಿದ ಮೇಲೆಯೇ ಯಂತ್ರ ಏರಿಸುತ್ತೇನೆ.

ನೆಲದ ಮೇಲೆ ನಿಲ್ಲುವ ದೊಡ್ಡ ಯಂತ್ರಗಳ ವಿಷಯ ಬೇರೆ ಎಂದು ಡೈರಿಯವರು ಸಮಾಧಾನಪಟ್ಟುಕೊಳ್ಳುತ್ತಾರೆ. "ಅರ್ಧ ಟನ್ ಇದೆ, ಎಲ್ಲಿಗೆ ಹೋಗುತ್ತದೆ?" ಎಂಬುದು ಅಲ್ಲಿನ ಮಾತು. ಆದರೆ ಈ ಯಂತ್ರ ಸದಾ ಮುಚ್ಚಿಯೇ ಇರುವುದಿಲ್ಲ. 1923ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಸೆಲಿಗ್ಮನ್ ಈ ಯಂತ್ರವನ್ನು ಹಾಲಿನ ಪಾಶ್ಚರೀಕರಣಕ್ಕೆಂದು ರೂಪಿಸಿದ್ದೇ ತೆರೆದು ತೊಳೆಯಲು ಸುಲಭವಾಗಲೆಂದು. ತೆರೆದಾಗ ಹಿಂದಿನ ದಪ್ಪ ಫಲಕ ಮೇಲಿನ ಕಂಬಿಯಲ್ಲಿ ಉರುಳುತ್ತಾ ಹಿಂದಿನ ಕಂಬದವರೆಗೆ ಹೋಗುತ್ತದೆ, ಭಾರ ಮುಂಗಾಲಿನಿಂದ ಹಿಂಗಾಲಿಗೆ ಸರಿಯುತ್ತದೆ, ಅದೇ ಹೊತ್ತಿಗೆ ಇಬ್ಬರು ಬದಿಯಿಂದ ಪ್ಲೇಟುಗಳನ್ನು ಎಳೆಯುತ್ತಿರುತ್ತಾರೆ. ಹಿಂದಿನ ಕಂಬದ ಪಾದಕ್ಕೆ ಬೋಲ್ಟೇ ಹಾಕದಿರುವುದನ್ನು ನಾನು ಎಣಿಸಲಾರದಷ್ಟು ಕಡೆ ಕಂಡಿದ್ದೇನೆ. ಆ ಪಾದದಲ್ಲಿ ತೂತು ಇಟ್ಟಿರುವುದು ಬೋಲ್ಟು ಹಾಕುವುದಕ್ಕಾಗಿಯೇ. ಇಲ್ಲಿಯೂ ಅದೇ ಹಳೆಯ ಪ್ರಶ್ನೆ: ಬೋಲ್ಟು ಎಲ್ಲಿ ಕಚ್ಚಿದೆ? ಕೆಂಪುಕಲ್ಲು ಜೋಡಿಸಿ ಮೇಲೆ ಎರಡು ಇಂಚು ಸಿಮೆಂಟು ಸಾರಿಸಿದ ಪೀಠ ನೋಡಲು ಕಾಂಕ್ರೀಟಿನಂತೆಯೇ ಇರುತ್ತದೆ. ಕಬ್ಬಿಣ ಕಟ್ಟಿದ, ಕನಿಷ್ಠ 150 ಮಿಲಿಮೀಟರ್ ಎತ್ತರದ ನಿಜವಾದ ಕಾಂಕ್ರೀಟು ಪೀಠ ಬೇಕು, ಬೋಲ್ಟು ಅದರ ಅಂಚಿನಿಂದ ದೂರವಿರಬೇಕು. ತಯಾರಕರ ಕೋಷ್ಟಕ ಕೈಯಲ್ಲಿಲ್ಲದಾಗ ಬೋಲ್ಟಿನ ದಪ್ಪದ ಹತ್ತು ಪಟ್ಟು ಬಿಡುವುದು ನನ್ನ ರೂಢಿ. ಕಾಂಕ್ರೀಟು ತನ್ನ ಲೆಕ್ಕದ ಬಲಕ್ಕೆ ಬರಲು 28 ದಿನ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಶುಕ್ರವಾರ ಹೊಯ್ದ ಪೀಠಕ್ಕೆ ಸೋಮವಾರ ಕೊರೆಯಲು ನನ್ನನ್ನೇ ಕರೆಯುತ್ತಾರೆ.

ಪೈಪಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಪೈಪಿಗೆ ಅದರದೇ ಆದ ಆಧಾರ ಇರಬೇಕು. ಎಕ್ಸ್‌ಚೇಂಜರಿನ ಬಾಯಿ ಪೈಪನ್ನು ತೂಗುಹಾಕುವ ಕೊಕ್ಕೆಯಲ್ಲ. ಹತ್ತು ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಪೈಪು 28 ಡಿಗ್ರಿಯಿಂದ 78 ಡಿಗ್ರಿಗೆ ಕಾದರೆ ಎಂಟೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ, ಹೋಗಲು ಬೇರೆ ದಾರಿಯಿಲ್ಲದಿದ್ದರೆ ಅದು ಯಂತ್ರವನ್ನೇ ದೂಡುತ್ತದೆ. ಬಾಯಿಗೆ ಎಷ್ಟು ಬಲ ಬೀಳಬಹುದು ಎಂಬ ಕೋಷ್ಟಕ ಯಂತ್ರದ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಕಡಲ ಗಾಳಿ ತಾಗುವ ಉಪ್ಪಳ, ಕುಂಬಳೆಯ ಕಡೆ 304ರ ಬದಲು 316ರ ಬೋಲ್ಟು ಹಾಕುವುದು ಸರಿಯೇ, ಆದರೆ ಸ್ಟೇನ್‌ಲೆಸ್ ಬೋಲ್ಟಿನ ತಿರುಪಿಗೆ ಸ್ಟೇನ್‌ಲೆಸ್ ನಟ್ಟು ಒಣಗಿರುವಾಗ ಬಿಗಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಸ್ವಲ್ಪ ಆಂಟಿ-ಸೀಜ್ ಪೇಸ್ಟು ಹಚ್ಚಿ.

ನನಗೆ ಕಲ್ಲನ್ನು ಓದಲು ಕಲಿಸಿದವರು ಮುಳ್ಳೇರಿಯದ ಕಡೆಯ ಒಬ್ಬ ವೃದ್ಧ ಮೇಸ್ತ್ರಿ. ಅವರು ಡ್ರಿಲ್ ಹಿಡಿದವರಲ್ಲ. ಗೋಡೆಯ ಮುಂದೆ ನಿಂತು, ಸುತ್ತಿಗೆಯ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟಿ ಕಿವಿಗೊಟ್ಟು, "ಇದು ಬೇಡ ಮಗಾ, ಇದರ ಹೊಟ್ಟೆ ಮೆದು. ಅದಕ್ಕೆ ಹಾಕು" ಎನ್ನುತ್ತಿದ್ದರು. ಕೊರೆದು ನೋಡಿದಾಗ ಅವರ ಮಾತು ತಪ್ಪಿದ್ದು ನನಗೆ ನೆನಪಿಲ್ಲ. ಈಗಲೂ ಕೊರೆಯುವ ಮೊದಲು ತಟ್ಟಿ ನೋಡುತ್ತೇನೆ, ಕೊರೆದ ಮೇಲೆ ಬಿಟ್ಟಿನಲ್ಲಿ ಬಂದ ಹುಡಿಯನ್ನು ಬೆರಳಿನಲ್ಲಿ ಉಜ್ಜುತ್ತೇನೆ. ಮರಳಿನಂತೆ ಒರಟಾಗಿದ್ದರೆ ಸರಿ, ಅರಸಿನದ ಹುಡಿಯಂತೆ ನುಣ್ಣಗೆ ಬೆರಳಿಗೆ ಮೆತ್ತಿದರೆ ಆ ತೂತನ್ನು ಮುಚ್ಚಿ ಬೇರೆ ಕಲ್ಲಿಗೆ ಹೋಗುತ್ತೇನೆ.

ಪೆರ್ಲದ ಆ ಘಟಕದಲ್ಲಿ ಈಗ ನೆಲದ ಸ್ಟ್ಯಾಂಡು ಇದೆ. ಬಾಗಿದ್ದ ತಾಮ್ರದ ಪೈಪು ಬದಲಾಯಿತು. ಗ್ಯಾಸು ಸೋರದೆ ಉಳಿದದ್ದು ದೊಡ್ಡ ಅದೃಷ್ಟ. ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದು, ವಾರಕ್ಕೊಮ್ಮೆ ನೋಡಿ, ಗೆರೆ ಮುರಿದಂತೆ ಕಂಡರೆ ಬಿಗಿಯಲು ಹೋಗದೆ ಮೊದಲು ನನಗೆ ಹೇಳಿ ಎಂದಿದ್ದೆ. ಯಜಮಾನರ ಹೆಂಡತಿ ಆ ಕೆಲಸವನ್ನು ತಮ್ಮ ಪಾಲಿಗೆ ತೆಗೆದುಕೊಂಡರು. ತುಲಾ ತಿಂಗಳಲ್ಲಿ ಒಂದು ಸೋಮವಾರ ಅವರೇ ಫೋನು ಮಾಡಿ, "ಅಣ್ಣಾ, ಸ್ಟ್ಯಾಂಡಿನದ್ದೆಲ್ಲ ಸರಿಯಾಗಿಯೇ ಉಂಟು, ಪಂಪಿನ ಹತ್ತಿರದ ಕ್ಲಾಂಪಿನ ಎಡದ ನಟ್ಟಿನ ಗೆರೆ ಒಂದು ನೂಲಿನಷ್ಟು ಜಾರಿದೆ" ಎಂದರು. ಹೋಗಿ ನೋಡಿದರೆ ಪಂಪಿನ ಕಪ್ಲಿಂಗಿನ ರಬ್ಬರು ಹರಿಯುವುದರಲ್ಲಿತ್ತು.