ಬೋರ್ಡಿನಲ್ಲಿ ಬರ್ಮಾ ತೇಗ, ಅಂಗಳದಲ್ಲಿ ಘಾನಾದ ದಿಮ್ಮಿ

ಮನೆ ಕಟ್ಟಿಸುವಾಗ ಸಿಮೆಂಟು, ಕಬ್ಬಿಣದ ಬಗ್ಗೆ ನೆಂಟರು ಬಾಯಿ ಹಾಕುವುದು ಕಡಿಮೆ. ಮುಂಬಾಗಿಲಿನ ಮರದ ಮಾತು ಬಂದರೆ ಮಾತ್ರ ಎಲ್ಲರೂ ತಜ್ಞರೇ. ‘ಬರ್ಮಾ ತೇಗ ಹಾಕಿಸಿಬಿಡಿ, ನೂರು ವರ್ಷ ತಿರುಗಿ ನೋಡೋ ಹಾಗಿಲ್ಲ’ ಎಂದು ಎಲ್ಲರದೂ ಒಂದೇ ರಾಗ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಇರಲಿ, ತಾಲ್ಲೂಕು ಕೇಂದ್ರದ ಸಾಮಿಲ್ ಇರಲಿ, ಬರ್ಮಾ ಎಂಬ ಹೆಸರಿಗಿರುವ ಮರ್ಯಾದೆ ಬೇರೆ ದೇಶಕ್ಕಿಲ್ಲ.

ಬರ್ಮಾ, ಅಂದರೆ ಇವತ್ತಿನ ಮ್ಯಾನ್ಮಾರ್, ದುಂಡು ದಿಮ್ಮಿಗಳ ರಫ್ತನ್ನು 2014ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ಅದಕ್ಕೆ ಮುಂಚೆ ಅಲ್ಲಿನ ತೇಗದ ದಿಮ್ಮಿಗೆ ಎಲ್ಲರಿಗಿಂತ ದೊಡ್ಡ ಗಿರಾಕಿ ಭಾರತ. ಈಗ ಅಲ್ಲಿಂದ ಕೊಯ್ದ ಮರ ಬರಬಹುದು, ಪ್ಲೈವುಡ್ ಮೇಲೆ ಅಂಟಿಸುವ ತೆಳು ಪದರ ಬರಬಹುದು. ಇಡೀ ದಿಮ್ಮಿ ಕಾನೂನಿನ ದಾರಿಯಲ್ಲಿ ಬರುವ ಹಾಗಿಲ್ಲ. ಹಾಗಾದರೆ ಡಿಪೋಗಳಲ್ಲಿ ಪೇರಿಸಿಟ್ಟ ತೇಗದ ದಿಮ್ಮಿಗಳು ಎಲ್ಲಿಯವು? ನಮ್ಮ ಕಾಡಿನವು ಒಂದಷ್ಟು. ಉಳಿದವು ಘಾನಾ, ಐವರಿ ಕೋಸ್ಟ್, ಬೆನಿನ್, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಸುಡಾನ್‌ನವು. ಅಟ್ಲಾಂಟಿಕ್‌ನ ಆಚೆಯಿಂದ ಈಕ್ವೆಡಾರ್, ಕೋಸ್ಟರಿಕಾ, ಪನಾಮಾ, ಬ್ರೆಜಿಲ್‌ನವು.

ಇದನ್ನು ಹೇಳಿದರೆ ‘ಅಯ್ಯೋ, ಆಫ್ರಿಕಾ ತೇಗವಾ’ ಎಂದು ಮುಖ ಸಣ್ಣಗೆ ಮಾಡುವವರೇ ಜಾಸ್ತಿ. ಆ ಬೇಸರಕ್ಕೆ ಅರ್ಧ ಕಾರಣ ಇದೆ. ಇನ್ನರ್ಧ ಸುಮ್ನೆ ಮೂಢನಂಬಿಕೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಮೊದಲು, ಮರ ಯಾಕೆ ಇಷ್ಟು ದೂರದಿಂದ ಬರತೊಡಗಿತು? 1988ರ ನವೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಭಾರೀ ಪ್ರವಾಹ. ಮರ ಕಡಿದು ಬೋಳಾದ ಗುಡ್ಡಗಳಿಂದ ಮಣ್ಣು, ದಿಮ್ಮಿ ಎಲ್ಲ ಕೊಚ್ಚಿಕೊಂಡು ಬಂದು ಹಳ್ಳಿಗಳ ಮೇಲೆ ಬಿದ್ದವು. ನೂರಾರು ಜನ ಸತ್ತರು. ಜನ ರೊಚ್ಚಿಗೆದ್ದರು, 1989ರ ಜನವರಿಯಲ್ಲಿ ಸರ್ಕಾರ ಕಾಡಿನಲ್ಲಿ ಮರ ಕಡಿಯುವುದನ್ನೇ ನಿಷೇಧಿಸಿತು. ಒಳ್ಳೆಯದೇ ಆಯಿತು, ಅಲ್ವಾ? ಆದರೆ ಥಾಯ್ಲೆಂಡಿನ ಜನ ಮರ ಬಳಸುವುದನ್ನು ಬಿಡಲಿಲ್ಲ. ಅಲ್ಲಿನ ಕಂಪನಿಗಳು ಗಡಿ ದಾಟಿ ಬರ್ಮಾದ ಮಿಲಿಟರಿ ಸರ್ಕಾರದಿಂದ ಗುತ್ತಿಗೆ ಪಡೆದು ಅಲ್ಲಿನ ಕಾಡಿಗೆ ಕೊಡಲಿ ಹಾಕಿದವು. 1998ರಲ್ಲಿ ಯಾಂಗ್‌ಟ್ಸಿ ನದಿ ಉಕ್ಕಿ ಚೀನಾ ತತ್ತರಿಸಿತು. ಚೀನಾ ಕೂಡ ತನ್ನ ಸಹಜ ಕಾಡುಗಳಲ್ಲಿ ಕಡಿತ ನಿಲ್ಲಿಸುತ್ತ ಬಂತು, ಬರುಬರುತ್ತ ಜಗತ್ತಿನಲ್ಲೇ ಅತಿ ಹೆಚ್ಚು ದಿಮ್ಮಿ ಆಮದು ಮಾಡುವ ದೇಶವಾಯಿತು. ಒಂದು ದೇಶದ ಕಾಡು ಉಳಿದ ಲೆಕ್ಕ ಇನ್ನೊಂದು ದೇಶದ ಬಂದರಿನಲ್ಲಿ ಕಾಣಿಸುತ್ತದೆ.

ನಮ್ಮದೂ ಅದೇ ಕತೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ದೇಶದ ಕಾಡುಗಳಲ್ಲಿ ಕೆಲಸದ ಯೋಜನೆ (ಎಲ್ಲಿ, ಎಷ್ಟು ಮರ ಕಡಿಯಬಹುದು ಎಂಬ ಸರ್ಕಾರಿ ಯೋಜನೆ) ಇಲ್ಲದ ಕಡಿತ ನಿಂತಿತು, ಎಷ್ಟೋ ಸಾಮಿಲ್‌ಗಳು ಬಾಗಿಲು ಹಾಕಿದವು. ಅರ್ಜಿ ಹಾಕಿದವರು ಕೇರಳದ ನಿಲಂಬೂರಿನ ರಾಜಮನೆತನದವರು. ಬ್ರಿಟಿಷ್ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ತೇಗದ ತೋಟ ಹಾಕಿಸಿದ್ದು ಇದೇ ನಿಲಂಬೂರಿನಲ್ಲಿ. ಜಗತ್ತಿನ ಮೊದಮೊದಲ ತೇಗದ ತೋಟಗಳಲ್ಲಿ ಅದೂ ಒಂದು.

ಎಲ್ಲ ನಿಷೇಧಗಳ ಹಿಂದೆಯೂ ಕಾಡಿನ ಮೇಲಿನ ಪ್ರೀತಿ ಇದೆ ಎಂದುಕೊಳ್ಳಬೇಡಿ. 1985ರಲ್ಲಿ ಇಂಡೋನೇಷ್ಯಾ ದಿಮ್ಮಿ ರಫ್ತು ನಿಲ್ಲಿಸಿದ್ದು ಪ್ಲೈವುಡ್ ಕಾರ್ಖಾನೆಗಳು ತನ್ನಲ್ಲೇ ಏಳಲಿ ಎಂದು. 2010ರಲ್ಲಿ ಮಧ್ಯ ಆಫ್ರಿಕಾದ ಗಬಾನ್ ಅದೇ ದಾರಿ ಹಿಡಿಯಿತು. 2022ರ ಜನವರಿ 1ರಿಂದ ರಷ್ಯಾ ಕೂಡ ಪೈನ್, ಸ್ಪ್ರೂಸ್‌ನಂಥ ಮರಗಳ ದಿಮ್ಮಿಗೆ ಬಾಗಿಲು ಹಾಕಿತು. ‘ಮರ ನಮ್ಮದು, ಕೊಯ್ಯುವ ಕೂಲಿಯೂ ನಮ್ಮವರಿಗೇ ಸಿಗಲಿ’ ಎಂಬುದು ಇವರ ವಾದ. ಭಾರತಕ್ಕೆ ಬೇಕಾದದ್ದು ಇದಕ್ಕೆ ಉಲ್ಟಾ. ನಮ್ಮಲ್ಲಿ ದಿಮ್ಮಿಗೆ ಆಮದು ಸುಂಕ ಕಡಿಮೆ, ಕೊಯ್ದ ಮರಕ್ಕೆ ಜಾಸ್ತಿ. ಗುಜರಾತಿನ ಕಾಂಡ್ಲಾ ಬಂದರಿನ ಪಕ್ಕ ಗಾಂಧಿಧಾಮದ ಸುತ್ತ ಸಾಲುಸಾಲು ಸಾಮಿಲ್‌ಗಳು ನಿಂತಿರುವುದು ಇಂಥ ಲೆಕ್ಕಾಚಾರದ ಮೇಲೇ. ಹಾಗಾಗಿ ಇನ್ನೂ ದಿಮ್ಮಿ ಮಾರುವ ದೇಶವನ್ನು ಹುಡುಕುತ್ತ ನಮ್ಮ ವ್ಯಾಪಾರಿಗಳು ಪಶ್ಚಿಮಕ್ಕೆ ಹೋದರು.

ಅಲ್ಲಿ ತೇಗ ಎಲ್ಲಿಂದ ಬಂತು ಎನ್ನುವುದೇ ಒಂದು ದೊಡ್ಡ ಕತೆ. ತೇಗದ ತವರು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್. ಈ ನಾಲ್ಕೇ ದೇಶ. (ಅಂದ ಹಾಗೆ, ಈಗಿನ ವರ್ಗೀಕರಣದಲ್ಲಿ ತೇಗ ತುಳಸಿ, ಪುದೀನದ ಕುಟುಂಬಕ್ಕೆ ಸೇರುತ್ತದೆ. ನಂಬುವುದು ಕಷ್ಟ, ಆದರೆ ನಿಜ.) ವಸಾಹತು ಕಾಲದ ಅರಣ್ಯ ಅಧಿಕಾರಿಗಳು ಬೀಜಗಳನ್ನು ಜಗತ್ತಿನ ಉಷ್ಣ ಪ್ರದೇಶಗಳಿಗೆಲ್ಲ ಹೊತ್ತೊಯ್ದರು. ಕೆರಿಬಿಯನ್ನಿನ ಟ್ರಿನಿಡಾಡ್‌ಗೆ 1913ರಲ್ಲಿ ಬರ್ಮಾದ ತೆನಸೆರಿಮ್‌ನಿಂದ ಬೀಜ ಹೋಯಿತು. ಅಲ್ಲಿಂದ ಸುತ್ತಲಿನ ದೇಶಗಳಿಗೆ ಹರಡಿತು. ಅಂದರೆ ನಾವು ‘ಲ್ಯಾಟಿನ್ ಅಮೆರಿಕ ತೇಗ’ ಎಂದು ಮೂಗು ಮುರಿಯುವ ಮರಗಳಲ್ಲಿ ಕೆಲವು ಬರ್ಮಾ ತೇಗದ ಮೊಮ್ಮಕ್ಕಳೇ!

ಸಾಗಾಟದ ಲೆಕ್ಕವೂ ಕುತೂಹಲಕಾರಿ. ಬರ್ಮಾದ ದಪ್ಪ ದಿಮ್ಮಿಗಳನ್ನು ಹಡಗಿನ ಹೊಟ್ಟೆಗೆ ಕ್ರೇನ್‌ನಿಂದ ಇಳಿಸಬೇಕಿತ್ತು. ತೋಟದ ತೇಗ ಸಣ್ಣ, ಮಾಮೂಲಿ 20 ಅಡಿ ಕಂಟೇನರ್‌ನಲ್ಲಿ ತುಂಬಬಹುದು. ಏಷ್ಯಾದ ಸರಕು ಹೊತ್ತು ಪಶ್ಚಿಮ ಆಫ್ರಿಕಾಕ್ಕೆ ಹೋದ ಕಂಟೇನರ್‌ಗಳು ಹೇಗೂ ವಾಪಸ್ ಬರಲೇಬೇಕು. ಖಾಲಿ ಬರುವುದಕ್ಕಿಂತ ಅಗ್ಗದ ಬಾಡಿಗೆಗೆ ಏನಾದರೂ ತುಂಬಿಕೊಂಡು ಬರುವುದು ಹಡಗು ಕಂಪನಿಗೂ ಲಾಭ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಐವರಿ ಕೋಸ್ಟ್, ಘಾನಾಗಳಿಂದ ಕಚ್ಚಾ ಗೇರು ಬರುತ್ತದೆಯಲ್ಲ, ಅದೇ ತೀರದಿಂದ ತೇಗವೂ ಹೊರಡುತ್ತದೆ.

ಈಗ ಮುಖ್ಯ ಪ್ರಶ್ನೆ. ಈ ತೇಗ ಕೆಟ್ಟದ್ದಾ? ‘ಬೇಗ ಬೆಳೆದ ಮರ, ಉಂಗುರ ನೋಡಿ ಎಷ್ಟು ಅಗಲ, ಗಟ್ಟಿ ಇರಲ್ಲ’ ಎಂಬ ವಾದ ಎಲ್ಲ ಕಡೆ ಕೇಳುತ್ತೇವೆ. ಇದು ತಪ್ಪು. ತಪ್ಪು ಎನ್ನುವುದಕ್ಕಿಂತ, ಬೇರೆ ಜಾತಿ ಮರದ ಸತ್ಯವನ್ನು ತಂದು ತೇಗಕ್ಕೆ ಅಂಟಿಸಿದ್ದು.

ತೇಗ ಬೇಸಿಗೆಯಲ್ಲಿ ಎಲೆ ಉದುರಿಸುವ ಮರ. ಮಳೆ ಶುರುವಾದಾಗ ಒಮ್ಮೆಲೇ ದೊಡ್ಡ ದೊಡ್ಡ ಎಲೆ ಬಿಡುತ್ತದೆ. ಆ ಎಲೆಗಳಿಗೆ ತುರ್ತಾಗಿ ನೀರು ಬೇಕು. ಅದಕ್ಕೇ ತೊಗಟೆಯ ಒಳಗಿರುವ ಬೆಳೆಯುವ ಪದರ ವರ್ಷದ ಮೊದಲ ಕೆಲಸವಾಗಿ ಅಗಲವಾದ ನೀರಿನ ಕೊಳವೆಗಳ ಒಂದು ಸಾಲು ಹಾಕುತ್ತದೆ. ಅಡ್ಡ ಕೊಯ್ದ ತೇಗದ ತುದಿಯನ್ನು ನುಣ್ಣಗೆ ಹೆರೆದು ನೋಡಿ, ಈ ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ನೀರಿನ ವ್ಯವಸ್ಥೆ ಆದ ಮೇಲೆ ಉಳಿದ ಮಳೆಗಾಲವೆಲ್ಲ ಮರ ದಪ್ಪ ಗೋಡೆಯ ನಾರುಗಳನ್ನು ಕಟ್ಟುತ್ತ ಹೋಗುತ್ತದೆ. ಮರಕ್ಕೆ ಗಟ್ಟಿತನ ಬರುವುದು ಈ ನಾರಿನಿಂದ.

ಕೀಲಿ ಇರುವುದು ಇಲ್ಲಿ. ಕೊಳವೆಗಳ ಸಾಲಿನ ಅಗಲ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಮನೆ ಸಣ್ಣದಿರಲಿ, ದೊಡ್ಡದಿರಲಿ, ಬೀದಿಯಿಂದ ಬರುವ ನಲ್ಲಿಯ ಪೈಪು ಒಂದೇ ಇರುತ್ತದೆ, ಹೆಚ್ಚಾಗುವುದು ಗೋಡೆ ಮಾತ್ರ. ಮರದಲ್ಲೂ ಹಾಗೆ. ಒಳ್ಳೆ ಮಣ್ಣು, ಒಳ್ಳೆ ಮಳೆ ಸಿಕ್ಕಿ ಉಂಗುರ ಅಗಲವಾದರೆ ಆ ಹೆಚ್ಚುವರಿ ಅಗಲವೆಲ್ಲ ನಾರಿನದು. ಉಂಗುರ ತೀರಾ ಕಿರಿದಾದರೆ ಅದರಲ್ಲಿ ಕೊಳವೆಯ ಪಾಲೇ ದೊಡ್ಡದು, ನಾರಿಗೆ ಜಾಗವಿಲ್ಲ. ಹಾಗಾಗಿ ತೇಗದಲ್ಲಿ ಅಗಲ ಉಂಗುರ ಎಂದರೆ ಹಗುರ ಮರ ಎಂದು ಹೇಳಲು ಬರುವುದಿಲ್ಲ. ತೀರಾ ನಿಧಾನ ಬೆಳೆದದ್ದೇ ಕೆಲವೊಮ್ಮೆ ಹಗುರ. ಯುರೋಪಿನ ಓಕ್ ಮರದ್ದೂ ಇದೇ ಗುಣ.

ಪೈನ್ ಮರದಲ್ಲಿ ಎಲ್ಲ ತಿರುಗುಮುರುಗು. ಅದರಲ್ಲಿ ಇಂಥ ಕೊಳವೆಗಳೇ ಇಲ್ಲ. ಋತುವಿನ ಮೊದಲಲ್ಲಿ ತೆಳು ಗೋಡೆಯ ಮೆತ್ತನೆ ಕೋಶ, ಕೊನೆಯಲ್ಲಿ ದಪ್ಪ ಗೋಡೆಯವು. ಬೇಗ ಬೆಳೆದರೆ ಹೆಚ್ಚಾಗುವುದು ಆ ಮೆತ್ತನೆಯ ಭಾಗವೇ. ನ್ಯೂಜಿಲೆಂಡಿನಿಂದ ಬರುವ ಪೈನ್ ಪ್ಯಾಕಿಂಗ್ ಪೆಟ್ಟಿಗೆಗೆ, ಸೆಂಟ್ರಿಂಗ್ ಹಲಗೆಗೆ ಹೋಗುತ್ತದಲ್ಲ, ಅದರ ಉಂಗುರ ಅಗಲ, ಮರ ಹಗುರ. ಅದನ್ನು ನೋಡಿದ ಕಣ್ಣಿನಲ್ಲೇ ತೇಗವನ್ನೂ ಅಳೆದರೆ ತೀರ್ಪು ಉಲ್ಟಾ ಆಗುತ್ತದೆ.

ಹಾಗಾದರೆ ಹಳೇ ಬರ್ಮಾ ತೇಗದ ಕೀರ್ತಿ ಬರೀ ಸುಳ್ಳಾ? ಅಲ್ಲ. ಅದು ಬಂದದ್ದು ವಯಸ್ಸಿನಿಂದ.

ತೇಗವನ್ನು ಕಾಯುವುದು ಅದರ ಕೆಚ್ಚು, ಒಳಗಿನ ಹೊಂಬಣ್ಣದ ಭಾಗ. ಸುತ್ತಲಿನ ಬಿಳಿ ಭಾಗ ಜೀವಂತ ಅಂಗಾಂಶ, ಅದರಲ್ಲಿ ಪಿಷ್ಟ ಇರುತ್ತದೆ, ಕುಟ್ಟೆ ಹುಳುವಿಗೆ ಹಬ್ಬ. ವರ್ಷ ಕಳೆದಂತೆ ಒಳಗಿನ ಕೋಶಗಳು ಸಾಯುತ್ತವೆ. ಸಾಯುವ ಮುಂಚೆ ತಮ್ಮಲ್ಲಿದ್ದ ಪಿಷ್ಟವನ್ನು ಬೇರೆ ರಾಸಾಯನಿಕಗಳಾಗಿ ಬದಲಿಸಿ ತುಂಬಿಟ್ಟು ಹೋಗುತ್ತವೆ. ಟೆಕ್ಟೋಕ್ವಿನೋನ್ ಎಂಬುದು ಗೆದ್ದಲಿಗೆ ಆಗದು. ರಬ್ಬರಿನಂಥ ಒಂದು ವಸ್ತು ನೀರನ್ನು ತಡೆಯುತ್ತದೆ. ತೇಗ ಮುಟ್ಟಿದರೆ ಜಿಡ್ಡು ಜಿಡ್ಡಾಗಿರುವುದು ಇದರಿಂದ. ಬೆಂಗಳೂರಿನ ತೇಗ, ಬರ್ಮಾದ ತೇಗ, ಈಕ್ವೆಡಾರಿನ ತೇಗ, ಎಲ್ಲದರ ಬಿಳಿ ಭಾಗವೂ ಹುಳುವಿಗೆ ಒಂದೇ ರುಚಿ. ಪಾಸ್‌ಪೋರ್ಟ್ ನೋಡಿ ಅದು ಕಚ್ಚುವುದಿಲ್ಲ.

ಬಿಳಿ ಭಾಗ ಒಂದು ಇಂಚು ದಪ್ಪ ಎಂದುಕೊಳ್ಳಿ. ಮಧ್ಯದಿಂದ ಅಂಚಿಗೆ 12 ಇಂಚು ಇರುವ ಮುದಿ ದಿಮ್ಮಿಯಲ್ಲಿ ಕೆಚ್ಚು ಶೇ 84. ಅದೇ 4 ಇಂಚಿನ ಎಳೆ ದಿಮ್ಮಿಯಲ್ಲಿ ಶೇ 56 ಮಾತ್ರ. ಮರದ ಗುಣ ಒಂದೇ ಆದರೂ ವೃತ್ತದ ಗಣಿತವೇ ಎಳೆ ಮರಕ್ಕೆ ಮೋಸ ಮಾಡುತ್ತದೆ. ಬರ್ಮಾದ ಕಾಡಿನ ಮರಗಳು ಬಹಳ ವರ್ಷ ಬಲಿತವು. ತೋಟದವು ಹೆಚ್ಚಾಗಿ 20–25 ವರ್ಷಕ್ಕೇ ಕಡಿದವು.

ಇನ್ನೊಂದು ಕಾರಣವನ್ನು ಜನ ಮರೆತೇಬಿಟ್ಟಿದ್ದಾರೆ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಬರ್ಮಾದಲ್ಲಿ ದಿಮ್ಮಿಗಳನ್ನು ಐರಾವತಿ ನದಿಯಲ್ಲಿ ತೇಲಿಸಿ ತರಬೇಕಿತ್ತು. ಅದಕ್ಕೆ ನಿಂತ ಮರದ ಬುಡದಲ್ಲಿ ಸುತ್ತಲೂ ಕೆತ್ತಿ, ಅದು ಸತ್ತು ನಿಂತಲ್ಲೇ ಎರಡು ಮೂರು ವರ್ಷ ಒಣಗಲು ಬಿಡುತ್ತಿದ್ದರು. ಆಮೇಲೆ ಕಡಿದು ಆನೆಗಳಿಂದ ಎಳೆಸಿ ಹೊಳೆಗೆ ಬಿಡುವುದು. ಹಾಗೆ ಬಂದ ಮರ ಆಗಲೇ ಹದವಾಗಿ ಒಣಗಿರುತ್ತಿತ್ತು. ಬಾಗಿಲು ಸೊಟ್ಟಗಾಗುತ್ತಿರಲಿಲ್ಲ. ಈಗಿನದು ಹಸಿಯಾಗಿ ಕಂಟೇನರ್ ಹತ್ತಿ ಬರುತ್ತದೆ, ಕೊಯ್ದ ಮೇಲೆ ಒಣಗಿಸಲು ನಮಗೆ ಪುರುಸೊತ್ತಿಲ್ಲ. ಮೊದಲ ಮಳೆಗೆ ಬಾಗಿಲು ಬಿಗಿಯಾದರೆ ಬೈಗುಳ ಮಾತ್ರ ಆಫ್ರಿಕಾಕ್ಕೆ.

ಆ ಬರ್ಮಾ ತೇಗಕ್ಕೆ ರಕ್ತದ ವಾಸನೆಯೂ ಇದೆ. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಬ್ರಿಟಿಷ್ ಕಂಪನಿ ಲೆಕ್ಕ ಮುಚ್ಚಿಟ್ಟು ತೇಗ ಸಾಗಿಸುತ್ತಿದೆ ಎಂದು ಬರ್ಮಾದ ಥಿಬಾ ರಾಜನ ಆಡಳಿತ ದೊಡ್ಡ ದಂಡ ಹಾಕಿತು. ಅದನ್ನೇ ನೆಪ ಮಾಡಿ 1885ರಲ್ಲಿ ಬ್ರಿಟಿಷರು ಯುದ್ಧ ಹೂಡಿ ರಾಜ್ಯ ಕಿತ್ತುಕೊಂಡರು. ರಾಜ ನಮ್ಮ ಪಡುವಣ ಕರಾವಳಿಯ ರತ್ನಾಗಿರಿಗೆ ಗಡಿಪಾರಾಗಿ ಬಂದು 1916ರಲ್ಲಿ ಅಲ್ಲೇ ತೀರಿಕೊಂಡ. 2021ರ ಮಿಲಿಟರಿ ದಂಗೆಯ ನಂತರ ಅಮೆರಿಕ, ಐರೋಪ್ಯ ಒಕ್ಕೂಟ ಎರಡೂ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿವೆ. ‘ಅಸಲಿ ಬರ್ಮಾ’ ಎಂದು ಹೆಮ್ಮೆಪಡುವವರು ಇದನ್ನೂ ತಿಳಿದಿರಲಿ.

ಪ್ಲೈವುಡ್ಡಿನಲ್ಲಿ ಈ ಬದಲಾವಣೆ ಸದ್ದಿಲ್ಲದೆ ನಡೆದುಹೋಯಿತು. ಮೇಲಿನ ಕೆಂಪು ಪದರಕ್ಕೆ ಮುಂಚೆ ಬರ್ಮಾದ ಗರ್ಜನ್ ಮರ ಬರುತ್ತಿತ್ತು. ಈಗ ಗಬಾನ್‌ನ ಒಕುಮೆ ಮರ ಜಾಸ್ತಿ. ರಾಜಧಾನಿ ಲಿಬ್ರವಿಲ್ ಹತ್ತಿರದ ಎನ್‌ಕೋಕ್ ಕೈಗಾರಿಕಾ ವಲಯದಲ್ಲಿ ಅದನ್ನು ಸುಲಿದು ಪದರ ಮಾಡುವ ಕಾರ್ಖಾನೆಗಳಿವೆ. ಒಳಗಿನ ಪದರಗಳಿಗೆ ಯಮುನಾನಗರದ ಸುತ್ತಿನ ರೈತರ ಪಾಪ್ಲರ್, ಕೇರಳದ ರಬ್ಬರ್ ಮರ, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್. ಯಾರೂ ಪ್ಲೈವುಡ್ಡಿನ ದೇಶ ಕೇಳುವುದಿಲ್ಲ, ನೋಡಿ.

80 ವರ್ಷ ಬಲಿತ ತೇಗವನ್ನು ಯಾರಾದರೂ ಬೆಳೆಸಿ ಮಾರಬಾರದಾ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಟ್ಟವನು ಜರ್ಮನಿಯ ಅರಣ್ಯಾಧಿಕಾರಿ ಮಾರ್ಟಿನ್ ಫೌಸ್ಟ್‌ಮನ್, 1849ರಲ್ಲಿ. ನಿಂತ ಮರವೂ ಬ್ಯಾಂಕಿನಲ್ಲಿಟ್ಟ ಹಣದ ಲೆಕ್ಕವೇ. 20ನೇ ವರ್ಷಕ್ಕೆ ಮಾರಿ ಬಂದ ದುಡ್ಡನ್ನು ಶೇ 8ರ ಚಕ್ರಬಡ್ಡಿಗೆ ಹಾಕಿದರೆ 60 ವರ್ಷದಲ್ಲಿ ಅದು ಸುಮಾರು 100 ಪಟ್ಟಾಗುತ್ತದೆ. ಮರ ಅಷ್ಟು ಪಟ್ಟು ಬೆಲೆ ಏರಿಸಿಕೊಳ್ಳಲಾರದು. ಕಾಡಿನ ಮರಕ್ಕೆ ಯಾರೂ ಬಡ್ಡಿ ಕಟ್ಟಿರಲಿಲ್ಲ, ಆದ್ದರಿಂದಲೇ ಅದು ಮುದಿಯಾಗಲು ಸಾಧ್ಯವಾಯಿತು. ಈಕ್ವೆಡಾರಿನ ತೋಟಗಾರನಿಗೆ ಹೂಡಿಕೆದಾರರ ಫೋನು ಬರುತ್ತಿರುತ್ತದೆ. ಅವನು ಕಡಿಯುತ್ತಾನೆ, ನಾವು ಕೊಳ್ಳುತ್ತೇವೆ. ಡಿಪೋಗೆ ಹೋದಾಗ ದಿಮ್ಮಿಯ ತುದಿಗೆ ಒಂದಿಷ್ಟು ನೀರು ಸವರಿ ನೋಡಿ. ಕೆಚ್ಚು ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತದೆ. ಬಿಳಿ ಭಾಗ ತೆಗೆಸಿ, ಚೌಕಟ್ಟು ಮಾಡಿಸುವ ಮುಂಚೆ ಕೊಯ್ದ ಮರವನ್ನು ಕೆಲವು ತಿಂಗಳು ನೆರಳಿನಲ್ಲಿ, ಮಧ್ಯೆ ರೀಪು ಕೊಟ್ಟು ಪೇರಿಸಿಡಲು ನಿಮ್ಮ ಆಚಾರಿಗೆ ಹೇಳಿ.